ಲೋಹ ಏನಾದರೂ ಇದೆಯೇ

ಲೋಹ ಏನಾದರೂ ಇದೆಯೇ ಮೈಮೇಲೆ, ಕೇಳಿದಳು ಯೋನ್ನಾ.
ಔಲು ಪಟ್ಟಣದ ಆಸ್ಪತ್ರೆ, ನೆಲಮಾಳಿಗೆ,
ಹಸಿರು ಅಂಗಿ, ಎದೆಗೆ ಹೆಸರಿನ ಚೀಟಿ.
ಇದೆ ಮಗಳೇ, ಎಂದೆ.
ಸ್ವಲ್ಪ ದೊಡ್ಡ ತಟ್ಟೆ ತಾ.

ಮೊದಲು ಕೊರಳಿನದು:
ಎರಡು ಮರದ ಹಿಡಿ, ತುದಿಗೊಂದೊಂದು ಮೊಳೆ,
ನಡುವೆ ಕೆಂಪು ದಾರ.
ಹೆಪ್ಪುಗಟ್ಟಿದ ಕಡಲು ಕಾಲಡಿಗೆ ಬಾಯಿಬಿಟ್ಟರೆ
ಕೈಗೊಂದು ಹಿಡಿದು, ಅಂಚಿಗೆ ಕುತ್ತಿ,
ಹೊಟ್ಟೆ ಎಳೆಯುತ್ತ ಸೀಲಿನಂತೆ ಹೊರಬರುವುದಕ್ಕೆ.
ಒದ್ದೆ ಬೆರಳಿಗೆ ಆ ಅಂಚು
ಎಣ್ಣೆ ಸವರಿದ ಗಾಜು.
ಕೋಟಿನ ಹೊರಗೇ ಇರಲಿ, ಎನ್ನುತ್ತಿದ್ದಳು ನನ್ನತ್ತೆ ಹಿಲ್ಮಾ;
ಒಳಗಿದ್ದರೆ ಅದು ಒಡವೆ.

ಆಮೇಲೆ ಸೀಟಿ.
ಇದು ಪ್ಲಾಸ್ಟಿಕ್ಕು, ಇಟ್ಟುಕೊಳ್ಳಲೇ?
ಒಳಗೆ ಗುಂಡು ಇರುತ್ತದಲ್ಲ ಅಜ್ಜಿ?
ಇದಕ್ಕಿಲ್ಲ. ಚಳಿಗೆ ಎಂಜಲು ಗಟ್ಟಿಯಾಗಿ
ಗುಂಡು ಸಿಕ್ಕಿಕೊಂಡರೆ
ಕೂಗು ಅಲ್ಲೇ ಸಾಯುತ್ತದೆ.
ಅವಳು ನಕ್ಕಳು. ಆದರೂ ತಟ್ಟೆ ಮುಂದೆ ಚಾಚಿದಳು.

ಸೊಂಟದ ಚಾಕು.
ಬರ್ಚ್ ಮರದ ಹಿಡಿ ನನ್ನ ಹೆಬ್ಬೆರಳಿಗೆ ಸವೆದಿದೆಯೋ
ಹೆಬ್ಬೆರಳೇ ಅದಕ್ಕೆ ಸವೆದಿದೆಯೋ, ನಲವತ್ತೊಂದು ವರ್ಷ.
ಮೀನು, ಹಗ್ಗ, ರೊಟ್ಟಿ,
ಒಮ್ಮೆ ಚರ್ಚಿನ ಮೆಟ್ಟಿಲಲ್ಲಿ
ಗಂಟು ಬಿಚ್ಚಲಾಗದ ಮದುಮಗನ ಬೂಟಿನ ಲೇಸು.

ತಗಡಿನ ಡಬ್ಬಿ: ಮೇಣದಲ್ಲಿ ಅದ್ದಿದ ಏಳು ಕಡ್ಡಿ,
ಮರದ ತೊಗಟೆ, ಮೋಂಬತ್ತಿಯ ಮೋಟು.
ಕಾಲರಿನಡಿಯ ಸೂಜಿ, ಸುತ್ತಿದ ಕಪ್ಪು ನೂಲು.
ಒಂದು ಹಳೆಯ ನಾಣ್ಯ:
ದೋಣಿಕಟ್ಟೆಯ ಫೋನಿಗೆಂದು ಇಟ್ಟದ್ದು.
ನಾಣ್ಯ ಸತ್ತಿತು, ಫೋನನ್ನೂ ಕಿತ್ತೊಯ್ದರು,
ಜೇಬಿಗೆ ಯಾರೂ ಹೇಳಲಿಲ್ಲ.

ಇವೆಲ್ಲ ಯಾವಾಗಲಾದರೂ ಉಪಯೋಗಕ್ಕೆ ಬಂದಿವೆಯೇ?
ಕೆಣಕಿ ಕೇಳಿದ್ದಲ್ಲ, ಪಾಪ. ತಟ್ಟೆ ಭಾರವಾಗಿತ್ತು.

ಆ ಮೊಳೆಗಳು, ಒಂದೇ ಸಲ. ಏಪ್ರಿಲ್‌ನಲ್ಲಿ.
ನೀರಿಗೆ ಬಿದ್ದವನು ಪೆಂಟ್ಟಿ, ಪಕ್ಕದ ಬಲೆಯವನು.
ಎದೆ ಕೆಳಗೆ ಗಡ್ಡೆ ಮುಲುಗುತ್ತಿತ್ತು,
ಬೋರಲು ಮಲಗಿ
ಕೊರಳಿನದನ್ನು ಕಳಚಿ ಅವನತ್ತ ಜಾರಿಸಿದೆ.
ಬಂದ. ಕೆಮ್ಮಿದ. ಬೈದ.
ಅವನ ಚೀಲ ಮೂರು ಮಾರು ದೂರದಲ್ಲಿ,
ಅದರೊಳಗೆ ಅವನದೇ ಜೋಡಿ
ಬೆಲೆಯ ಚೀಟಿಯ ಸಮೇತ.

ಈಗ ನಿನ್ನ ತಟ್ಟೆಯಲ್ಲಿರುವುದು ಅದು.
ನನ್ನದನ್ನು ಅವನು ಹಿಂದೆ ಕೊಡಲಿಲ್ಲ.
ನಾನೂ ಕೇಳಲಿಲ್ಲ.

ಬೆನ್ನ ಹಿಂದೆ ಕಟ್ಟುವ ಅಂಗಿ ಕೊಟ್ಟಳು.
ಜೇಬೇ ಇಲ್ಲ.
ಹಿಲ್ಮಾ ಹೆಣಕ್ಕೆ ಹೊಲಿಯುತ್ತಿದ್ದದ್ದು ಇಂಥದೇ,
ಅದನ್ನು ಯೋನ್ನಾಗೆ ಹೇಳಲಿಲ್ಲ.
ಇಷ್ಟು ಹಗುರವಾಗಿ ನಾನೆಂದೂ ನಿಂತವಳಲ್ಲ;
ಬಾಗಿಲು ತೆರೆದರೆ ಹಾರಿಹೋದೇನೆಂದು
ಮೇಜಿನಂಚು ಹಿಡಿದೆ.

ಹೊಳೆಯುವ ನೆಲ. ಹಿಮ್ಮಡಿಯಿಂದ ತಟ್ಟಿ
ಕಿವಿಗೊಟ್ಟೆ. ಅಭ್ಯಾಸ.
ಬೆಳಗ್ಗೆ ಹೈಲುವೋತೊ ದ್ವೀಪದಿಂದ ಮಂಜಿನ ದಾರಿಯಲ್ಲಿ
ನಡೆದು ಬಂದಾಗ
ಮೂವತ್ತೆಂಟು ಸೆಂಟಿಮೀಟರ್ ದಪ್ಪ ಎಂದಿತ್ತು ಫಲಕ.
ಇಲ್ಲಿ ಎಷ್ಟೆಂದು ಯಾರೂ ಬರೆದಿಲ್ಲ.

ಯಂತ್ರದ ಬಾಯಿ ದುಂಡಗೆ, ಬೆಳ್ಳಗೆ,
ಬಲೆ ಇಳಿಸಲು ನಾನೇ ಕೊರೆದ ತೂತಿನ ಹಾಗೆ.
ತಲೆ ಮೊದಲು, ಅಜ್ಜಿ. ಅಲುಗಬೇಡಿ.
ಸದ್ದು ಜೋರು, ಹೆದರಬೇಡಿ.
ಹುಣ್ಣಿಮೆಯ ಚಳಿಗೆ ಕಡಲು ಬಿರಿಯುವುದನ್ನು
ನೀನು ಕೇಳಿಲ್ಲ ಮಗು, ಎನ್ನಲು ಹೊರಟೆ.

ಅಷ್ಟರಲ್ಲಿ ಅವಳು ನನ್ನ ಬಲಗೈ ಬಿಡಿಸಿ
ಒಂದು ರಬ್ಬರಿನ ಉಂಡೆ ಇಟ್ಟಳು,
ಬಾಲದಂತೆ ಉದ್ದ ಕೊಳವೆ.
ಏನಾದರೂ ಆದರೆ ಇದನ್ನು ಒತ್ತಿ.
ನಾನು ಬರುತ್ತೇನೆ.

ಬೆರಳು ಮುಚ್ಚಿದೆ.
ಹೊದಿಕೆ ಹೊದಿಸುವಾಗ ಮಾತ್ರ
ಆ ಕೈಯನ್ನು ಹೊರಗೇ ಇಟ್ಟುಕೊಂಡೆ.